ಮಸಾರಿ ಹೊಲದ ಬದುವಿಗೆ ಬನ್ನಿ ಗಿಡ, ಬಾರಿ ಗಿಡ: ಹಚ್ಚೋದು ಹೇಗೆ?

ಮಸಾರಿಹೊಲ:
ಕುಷ್ಟಗಿ ತಾಲ್ಲೂಕು, ನಾಲ್ಕು ಎಕರೆ ಮಸಾರಿ, ಅಂದರೆ ಕೆಂಪು ನೆಲ, ಎರಡು ಅಡಿ ಕೆಳಗೆ ಗರಸು (ಗಟ್ಟಿ ಕಲ್ಲುಮಣ್ಣು). ಬೋರ್ ಇಲ್ಲ, ಮಳೆ ನಂಬಿ ಸಜ್ಜೆ, ತೊಗರಿ. ಬದುವಿನ ಮೇಲೆ ಬನ್ನಿ ಹಚ್ಚಬೇಕಂತಿದೆ. ಬೀಜ ಹಾಕಿದರೆ ಹುಟ್ಟುತ್ತಿಲ್ಲ. ನರ್ಸರಿಯಲ್ಲಿ ಬನ್ನಿ ಅಂತ ಕೊಡುವ ಸಸಿ ನೋಡಿದರೆ ಬಳ್ಳಾರಿ ಜಾಲಿ ಇದ್ದಂಗೆ ಕಾಣುತ್ತೆ, ಗುರುತು ಹಿಡಿಯೋದು ಹೇಗೆ? ಬದುವಿನ ಗಿಡದಿಂದ ಬೆಳೆ ಕುಂದುತ್ತೆ ಅನ್ನುವವರೂ ಇದ್ದಾರೆ. ಜೊತೆಗೆ ನಾಲ್ಕು ಕಾಸು ಕೊಡುವ ಒಂದು ಹಣ್ಣಿನ ಗಿಡ, ಕುರಿ-ಮೇಕೆ ನುಗ್ಗದಂತೆ ಬೇಲಿಗೆ ಏನಾದರೂ ಹೇಳಿ. ಒಂದು ಬದುವಿನಲ್ಲಿ ಬಳ್ಳಾರಿ ಜಾಲಿ ಆಗಲೇ ಹಬ್ಬಿದೆ, ಕಡಿದಷ್ಟೂ ಚಿಗುರುತ್ತಿದೆ.

ಬದುಗಿಡ:
ಮೊದಲು ಗುರುತು. ಮುಳ್ಳು ನೋಡಿ. ಬಳ್ಳಾರಿ ಜಾಲಿಯಲ್ಲಿ ಎಲೆ ಹುಟ್ಟುವ ಗಿಣ್ಣಿನಲ್ಲೇ, ಹೆಚ್ಚಾಗಿ ಜೋಡಿಯಾಗಿ, ಉದ್ದನೆಯ ಮುಳ್ಳು. ಬನ್ನಿಯಲ್ಲಿ ಮುಳ್ಳು ಗಿಡ್ಡ, ಬುಡ ಅಗಲ, ಗಿಣ್ಣು-ಗಿಣ್ಣುಗಳ ನಡುವೆ ಅಲ್ಲೊಂದು ಇಲ್ಲೊಂದು ಚದುರಿರುತ್ತದೆ. ಕಾಯಿಯಲ್ಲಂತೂ ಅನುಮಾನಕ್ಕೆ ಜಾಗವೇ ಇಲ್ಲ: ಬನ್ನಿಯದು ಸಣ್ಣಗೆ, ದಾರದಂತೆ ಜೋತುಬೀಳುತ್ತದೆ, ಜಾಲಿಯದು ದಪ್ಪ, ತಿರುಳು ತುಂಬಿ ಹಳದಿಗೆ ತಿರುಗುತ್ತದೆ. ಬಲಿತ ಬನ್ನಿಯ ತೊಗಟೆ ಬೂದು ಬಣ್ಣ, ಆಳವಾಗಿ ಬಿರಿದಿರುತ್ತದೆ.

ಬೀಜ ಹುಟ್ಟದಿರಲು ಕಾರಣ ಎರಡು. ಒಂದು, ಸಿಪ್ಪೆ ಗಟ್ಟಿ, ನೀರು ಒಳಗೆ ಇಳಿಯುವುದಿಲ್ಲ. ಇನ್ನೊಂದು, ಕಾಯಿ ಮರದಲ್ಲಿರುವಾಗಲೇ ಹುಳ ಕೊರೆದಿರುತ್ತದೆ. ನೆಲಕ್ಕೆ ಬಿದ್ದ ಕಾಯಿ ಬಿಟ್ಟು ಮರದಿಂದಲೇ ಬಲಿತದ್ದನ್ನು ಕಿತ್ತು, ತೂತಿರುವ ಬೀಜ ಆರಿಸಿ ತೆಗೆಯಿರಿ. ನೀರು ಕುದಿಸಿ, ಒಲೆಯಿಂದ ಇಳಿಸಿದ ಮೇಲೆ ಬೀಜ ಹಾಕಿ, 24 ಗಂಟೆ ಅದರಲ್ಲೇ ಬಿಡಿ. ಒಲೆಯ ಮೇಲಿದ್ದಾಗ ಹಾಕಿದರೆ ಬೀಜ ಬೇಯುತ್ತದೆ. ಉಬ್ಬಿದವನ್ನಷ್ಟೇ ಬಿತ್ತಿ, ಉಬ್ಬದವಕ್ಕೆ ಇನ್ನೊಮ್ಮೆ ಬಿಸಿನೀರು. ಒಂದರಿಂದ ಎರಡು ವಾರದಲ್ಲಿ ಮೊಳಕೆ.

ಚೀಲ ಒಂದು ಅಡಿ ಉದ್ದದ್ದೇ ಬೇಕು. ತಾಯಿಬೇರು ಮೇಲಿನ ಚಿಗುರಿಗಿಂತ ಬೇಗ ಓಡುತ್ತದೆ. ಗಿಡ್ಡ ಚೀಲದಲ್ಲಿ ಅದು ಸುರುಳಿ ಸುತ್ತಿದರೆ ಆ ಸಸಿ ನೆಲದಲ್ಲಿ ಎಷ್ಟು ವರ್ಷವಾದರೂ ಕುಂಟುತ್ತದೆ. ನರ್ಸರಿಯಿಂದ ತರುವಾಗಲೂ ಎತ್ತರ ನೋಡಿ ಮರುಳಾಗಬೇಡಿ, ಚೀಲದ ತಳ ನೋಡಿ.

ಗುಂಡಿ ಒಂದೂವರೆ ಅಡಿ ಚೌಕ, ಅಷ್ಟೇ ಆಳ. ನಿಮ್ಮಲ್ಲಿ ಗರಸು ಇರುವುದರಿಂದ ತಳದಲ್ಲಿ ಹಾರೆಯಿಂದ ಇನ್ನೊಂದು ಅಡಿ ಸಡಿಲಿಸಿ. ಪೂರ್ತಿ ಕಳಿತ ತಿಪ್ಪೆಗೊಬ್ಬರ ಐದಾರು ಕೆ.ಜಿ. ಸಾಕು, ಅರೆಕಳಿತದ್ದು ಹಾಕಿದರೆ ಗೆದ್ದಲು ಕರೆದಂತೆ. ಜೂನ್-ಜುಲೈನಲ್ಲಿ ಒಳ್ಳೆ ಹದ ಬಿದ್ದ ಮೇಲೆ ನೆಟ್ಟು, ಇಳಿಜಾರಿನ ಕೆಳಬದಿಗೆ ಅರ್ಧಚಂದ್ರದ ಏರಿ ಕಟ್ಟಿ. ಮೊದಲ ಎರಡು ಬೇಸಿಗೆಗೆ ಬುಡದಿಂದ ಒಂದು ಅಡಿ ದೂರದಲ್ಲಿ ಸುಟ್ಟ ಮಣ್ಣಿನ ಗಡಿಗೆ ಹೂತು, ಬಾಯಿ ಮುಚ್ಚಿ, ವಾರಕ್ಕೊಮ್ಮೆ ತುಂಬಿಸಿ. ಬಣ್ಣ ಹಚ್ಚಿದ ಗಡಿಗೆಯಾದರೆ ನೀರು ಜಿನುಗುವುದಿಲ್ಲ.

ಬೆಳೆ ಕುಂದುವ ಮಾತು ಕರಿಜಾಲಿಗೆ ಒಪ್ಪುತ್ತದೆ, ಬನ್ನಿಗಲ್ಲ. ಇದರ ನೆರಳು ತೆಳು, ಬೇರು ಆಳ, ಸಾರಜನಕ ಹಿಡಿಯುತ್ತದೆ. ರಾಜಸ್ಥಾನದ ಮಾರವಾಡದಲ್ಲಿ ಖೇಜಡಿ ಅನ್ನುವುದು ಇದನ್ನೇ. ಹೊಲದ ನಡುವೆಯೇ ಬಿಟ್ಟು ಅದರಡಿ ಸಜ್ಜೆ ಬಿತ್ತುತ್ತಾರೆ. ಬದುವಿನಲ್ಲಿ 8–10 ಮೀಟರಿಗೊಂದು ಇರಲಿ. ಆದರೆ ಅವಸರದವರ ಗಿಡವಲ್ಲ ಇದು. ಮೊದಲ ಕೆಲವು ವರ್ಷ ಮೇಲೆ ಬೆಳೆದದ್ದೇ ಕಾಣುವುದಿಲ್ಲ.

ಕುರಿಹಟ್ಟಿ:
ಬಳ್ಳಾರಿ ಜಾಲಿ ನೆಲಮಟ್ಟಕ್ಕ ಕಡದ್ರ ಒಂದು ಹೋಗಿ ಹತ್ತು ಆಗ್ತಾವ್ರಿ. ಚಿಗುರೋ ಕಣ್ಣೆಲ್ಲಾ ಬುಡದ ಗಂಟಿನ್ಯಾಗ, ಮಣ್ಣಿನ ಕೆಳಗ ಇರ್ತಾವ. ಸುತ್ತ ಅಗದು, ಮಣ್ಣಿನ ಒಳಗ ಒಂದು ಅಡಿ ಕೆಳಗ ಬೇರು ಕಡದು, ಗಂಟು ಸಮೇತ ಹೊರಗ ತಗೀರಿ. ಮಳಿ ಆದ ಮ್ಯಾಲೆ ನೆಲ ಮೆತ್ತಗಿದ್ದಾಗ ಕೆಲಸ ಹಗುರ. ಮಳಿಗೆ ಹುಟ್ಟೋ ಸಣ್ಣ ಸಸಿ ಗೇಣುದ್ದ ಇದ್ದಾಗಲೇ ಕಿತ್ತುಬಿಡ್ರಿ.

ಕಾಯಿ ಕುರಿ-ಮೇಕಿ ಪ್ರೀತಿಯಿಂದ ತಿಂತಾವ, ಬೀಜ ಮಾತ್ರ ಹಿಕ್ಕಿಯೊಳಗ ಹಂಗ ಬರ್ತದ. ಹೊಲದಾಗ ಕುರಿ ಕೂಡ್ರಸೂದಿದ್ರ ಮೊದಲು ಆ ಹಿಂಡು ಎಲ್ಲಿ ಮೇಯ್ದು ಬಂತು ಕೇಳ್ರಿ. ಕಾಯಿ ಮೇವಿಗೆ ಬೇಕಾದ್ರ ಒಣಗಿಸಿ, ಬೀಜ ಒಡಿಯೂವಂಗ ಹಿಟ್ಟು ಮಾಡ್ರಿ, ಮೇವಿನ ಐದನೇ ಪಾಲು ದಾಟಬಾರದು. ಬರೀ ಅದನ್ನ ತಿಂದ ದನಕ್ಕ ದವಡಿ ಸೋತು ಮೆಲುಕು ಹಾಕಲಾರದಂಗ ಆಗ್ತದ. ಕಡದ ಕಟಗಿ ಮಾತ್ರ ಒಳ್ಳೇದು, ಇದ್ದಲಿಗೆ ಅದಕ್ಕಿಂತ ಬ್ಯಾರೆ ಬ್ಯಾಡ.

ಕಣ್ಣುಕಸಿ:
ಹಣ್ಣಿಗೆ ಬಾರಿಯೇ ಸರಿ, ಬೋರೆ, ಎಲಚಿ ಅನ್ನುತ್ತಾರಲ್ಲ, ಅದು. ಬಿರುಬೇಸಿಗೆಯಲ್ಲಿ ಎಲೆ ಉದುರಿಸಿ ಮಲಗಿಬಿಡುತ್ತದೆ, ಮಳೆಗೆ ಚಿಗುರಿ, ಮಳೆಗಾಲದ ತೇವದಲ್ಲೇ ಕಾಯಿ ಕಟ್ಟುತ್ತದೆ. ನೀರಿಲ್ಲದವರು ಗೋಲಾದಂಥ ಬೇಗ ಬರುವ ತಳಿ ಹಾಕಬೇಕು. ಉಮ್ರಾನ್ ಹಣ್ಣು ದೊಡ್ಡದು ನಿಜ, ಆದರೆ ತಡ. ಕಾಯಿ ಹಿಗ್ಗುವ ಹೊತ್ತಿಗೆ ನಿಮ್ಮ ಮಸಾರಿಯಲ್ಲಿ ತೇವ ಮುಗಿದಿರುತ್ತದೆ.

ಕಾಡು ಬಾರಿಯ ಬೀಜದಿಂದ ಬೇರುಸಸಿ, ಅಂದರೆ ಕಸಿಗೆ ಬುಡವಾಗುವ ಸಸಿ, ಮಾಡಿ. ಒಂದು ಲೀಟರ್ ನೀರಿಗೆ 170–180 ಗ್ರಾಂ ಉಪ್ಪು ಹಾಕಿ ಬೀಜ ಮುಳುಗಿಸಿ, ತೇಲಿದವು ಜೊಳ್ಳು. ಮುಳುಗಿದ್ದನ್ನು ತೊಳೆದು, ಗಟ್ಟಿ ಓಡನ್ನು ಸುತ್ತಿಗೆಯಿಂದ ಮೆಲ್ಲಗೆ ಒಡೆದು ಒಳಗಿನ ತಿರುಳುಬೀಜ ಬಿತ್ತಿದರೆ ಸುಮಾರು ಒಂದು ವಾರಕ್ಕೆ ಹುಟ್ಟುತ್ತದೆ. ಓಡು ಸಮೇತ ಬಿತ್ತಿದರೆ ಮೂರು-ನಾಲ್ಕು ವಾರ. ನೇರ ಗುಂಡಿಯಲ್ಲೇ ಬಿತ್ತಿ, ಕಾಂಡ ಪೆನ್ಸಿಲ್ ದಪ್ಪಕ್ಕೆ ಬಂದಾಗ ಅಲ್ಲೇ ಕಣ್ಣು ಕಸಿ ಮಾಡಿದರೆ (ಒಳ್ಳೆ ತಳಿಯ ಚಿಗುರುಕಣ್ಣು ತಂದು ಕೂರಿಸಿದರೆ) ತಾಯಿಬೇರಿಗೆ ಪೆಟ್ಟಿಲ್ಲ. ಕಸಿ ಕಣ್ಣಿನ ಕೆಳಗೆ ಬರುವ ಚಿಗುರನ್ನು ವರ್ಷಗಟ್ಟಲೆ ಚಿವುಟುತ್ತಲೇ ಇರಬೇಕು. ಬಿಟ್ಟರೆ ಕಾಡು ಬಾರಿ ಮೇಲೆದ್ದು ಕಸಿ ಸತ್ತೇಹೋಗುತ್ತದೆ. "ಒಳ್ಳೆ ತಳಿ ಹಾಕಿದೆ, ಹುಳಿ ಹಣ್ಣು ಬಂತು" ಅನ್ನುವ ದೂರುಗಳಲ್ಲಿ ಬಹಳಷ್ಟು ಇದೇ ಕಥೆ.

ಹಣ್ಣು ಬರುವುದು ಆ ವರ್ಷದ ಹೊಸ ಚಿಗುರಿನಲ್ಲಿ. ಏಪ್ರಿಲ್-ಮೇನಲ್ಲಿ ಗಿಡ ಮಲಗಿರುವಾಗ ಹಿಂದಿನ ವರ್ಷದ ಕೊಂಬೆಗೆ 15–20 ಗಿಣ್ಣು ಉಳಿಸಿ ಸವರಿ. ಹಣ್ಣುನೊಣದ ಕೋಶ ಬುಡದ ಮಣ್ಣಿನಲ್ಲೇ ಇರುತ್ತದೆ. ಅದೇ ಬೇಸಿಗೆಯಲ್ಲಿ ಬುಡ ಕೆದಕಿ ಬಿಸಿಲಿಗೆ ಒಡ್ಡಿ, ಉದುರಿದ ಹುಳುಕು ಹಣ್ಣು ಆಯ್ದು ಆಳವಾಗಿ ಹೂಳಿ. ಕಾಯಿಯ ಮೇಲೆ ಬಿಳಿ ಬೂದಿ ಕಂಡ ಕೂಡಲೇ ನೀರಿನಲ್ಲಿ ಬೆರೆಯುವ ಗಂಧಕ ಲೀಟರಿಗೆ 2 ಗ್ರಾಂ, ಬಿಸಿಲು ಏರುವ ಮುಂಚೆ.

ಮಸಾರಿಹೊಲ:
ಬಹಳ ಉಪಕಾರ ಆಯ್ತು. ಬನ್ನಿ ಸೊಪ್ಪು ಮೇವಿಗೆ ಯಾವಾಗ ಸವರಬಹುದು? ರಾಜಸ್ಥಾನದವರು ಕಾಯಿಯ ಪಲ್ಯ ಮಾಡ್ತಾರಂತೆ, ನಮ್ಮದರಲ್ಲೂ ಆಗುತ್ತಾ?

ಬದುಗಿಡ:
ಕಾಂಡ ಚೆನ್ನಾಗಿ ಬಲಿಯುವ ತನಕ, ಅಂದರೆ ಎಂಟು-ಹತ್ತು ವರ್ಷ, ಕತ್ತಿ ಮುಟ್ಟಿಸಬೇಡಿ. ಆಮೇಲೆ ನವೆಂಬರ್-ಡಿಸೆಂಬರ್‌ನಲ್ಲಿ ಕೆಳಗಿನ ಕೊಂಬೆಗಳನ್ನು ಸವರಿ, ತುದಿಯ ಮೂರನೇ ಒಂದು ಭಾಗ ಮುಟ್ಟದೆ ಬಿಡಿ. ಪೂರ್ತಿ ಬೋಳಿಸಿದ ವರ್ಷ ಕಾಯಿ ಬರುವುದಿಲ್ಲ, ಹಾಗಾಗಿ ಅರ್ಧ ಮರಗಳನ್ನು ಈ ವರ್ಷ, ಉಳಿದರ್ಧ ಮುಂದಿನ ವರ್ಷ. ರಾಜಸ್ಥಾನದಲ್ಲಿ ವರ್ಷವೂ ಬೋಳಿಸಿ, ಟ್ರ್ಯಾಕ್ಟರ್ ನೇಗಿಲಿನಿಂದ ಬೇರು ಕಡಿದು, ಸೊರಗಿದ ಮರಕ್ಕೆ ಬೇರುಕೊರಕ ಮತ್ತು ಬುಡದ ಅಣಬೆ ರೋಗ ಹತ್ತಿ ಒಣಗಿವೆ. ಬುಡದ ಸುತ್ತ ಐದಾರು ಅಡಿ ನೇಗಿಲು ಹೋಗಬಾರದು. ದಸರೆಗೆ ಬನ್ನಿ ಮುರಿಯಲು ಬರುವವರಿಗೂ ದೊಡ್ಡ ಮರ ತೋರಿಸಿ, ಎಳೆಯದರ ತುದಿ ಮುರಿದರೆ ಪೊದೆಯಾಗಿಬಿಡುತ್ತದೆ.

ಕಾಯಿ ಪಲ್ಯಕ್ಕೆ ಆಗುತ್ತದೆ. ಒಳಗೆ ಬೀಜ ಗಟ್ಟಿಯಾಗುವ ಮುಂಚೆ, ಹಸಿರಿರುವಾಗಲೇ ಕಿತ್ತು, ಉಪ್ಪು ನೀರಲ್ಲಿ ಕುದಿಸಿ ಒಣಗಿಸಿ. ಅಡುಗೆಗೆ ಮುಂಚೆ ರಾತ್ರಿಯಿಡೀ ನೆನೆಸಬೇಕು. ಮುಳ್ಳಿಲ್ಲದ ಕಸಿ ತಳಿ ಬೇಕಿದ್ದರೆ ಬಿಕಾನೇರಿನ ಒಣ ತೋಟಗಾರಿಕೆ ಸಂಸ್ಥೆಯ 'ಥಾರ್ ಶೋಭಾ' ಇದೆ.

ಮುಳ್ಳುಬೇಲಿ:
ಬೇಲಿ ಬಗ್ಗೆ ಯಾರೂ ಹೇಳಲಿಲ್ಲ. ಕವಳಿ (ಕರಂಡೆ ಕಾಯಿಯ ಮುಳ್ಳುಗಿಡ) ಹಾಕಿ, ಮೂರು ಅಡಿಗೊಂದು. ಬೀಜ ಹಣ್ಣಿಂದ ತೆಗೆದ ಕೂಡಲೇ ಬಿತ್ತಬೇಕು, ಇಟ್ಟರೆ ಜೀವ ಹೋಗುತ್ತದೆ. ಮೊದಲ ವರ್ಷವೇ ತುದಿ ಚಿವುಟಿದರೆ ಬುಡದಿಂದ ಕವಲೊಡೆಯುತ್ತದೆ, ಇಲ್ಲದಿದ್ದರೆ ಕೆಳಗೆ ಮೇಕೆ ನುಸುಳುವಷ್ಟು ಸಂದಿ ಉಳಿಯುತ್ತದೆ. ಕಾಯಿ ಉಪ್ಪಿನಕಾಯಿಗೆ. ಹೊರಸಾಲಿಗೆ ಕತ್ತಾಳೆ ಇಟ್ಟರೆ ನಾರೂ ಸಿಗುತ್ತದೆ. ಎಲೆ ಕೊಯ್ಯುವಾಗ ರಸ ಮೈಗೆ ತಾಗಿದರೆ ವಿಪರೀತ ತುರಿಕೆ, ತುಂಬುತೋಳಿನ ಅಂಗಿ ಹಾಕಿಕೊಂಡೇ ಕೊಯ್ಯಿರಿ. ಕವಳಿ ಎದ್ದು ನಿಲ್ಲಲು ಮೂರು ವರ್ಷ ಬೇಕು. ಅಲ್ಲಿಯವರೆಗೆ ಕಡಿದ ಬಳ್ಳಾರಿ ಜಾಲಿಯ ಕೊಂಬೆಗಳನ್ನೇ ಒಣಮುಳ್ಳಿನ ಬೇಲಿಯಾಗಿ ಒಡ್ಡಿ. ಕಾಯಿ ಇರುವ ಕೊಂಬೆ ಮಾತ್ರ ಬೇಡ.