ಸಹಾಯ ಬೇಕು: ಮುರಕಲ್ಲಿನ ಗುಡ್ಡೆಯಲ್ಲಿ ರಂಬುಟಾನ್ ಬುಡಕ್ಕೆ ಯಾವ ಹೊದಿಕೆ?

ಕೃಷಿಕ ಬಂಧುಗಳಿಗೆ ನಮಸ್ಕಾರ. ನಮ್ಮದು ಕಾಸರಗೋಡಿನ ಬದಿಯಡ್ಕ ಕಡೆ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡೆಯಲ್ಲಿ ರಂಬುಟಾನ್, ಮ್ಯಾಂಗೋಸ್ಟೀನ್ ಹಣ್ಣಿನ ಗಿಡ ನೆಟ್ಟಿದ್ದೇವೆ. ಮಳೆಗಾಲದಲ್ಲಿ ಗೊಬ್ಬರದ ಸಾರವೆಲ್ಲ ತೊಳೆದು ಹೋಗುತ್ತದೆ. ಫೆಬ್ರವರಿ ಬಂತೆಂದರೆ ಮಣ್ಣು ಕಲ್ಲಾಗುತ್ತದೆ, ಎಲೆಯ ಅಂಚು ಕರಟುತ್ತದೆ. ಬುಡದಲ್ಲಿ ಕೈಯಾಡಿಸಿದರೆ ತರಗೆಲೆ ಬಿದ್ದಲ್ಲಿ ಮಾತ್ರ ತಂಪು. ಅಲ್ಲಿ ಎಳೆಯ ಬಿಳಿ ಬೇರುಗಳು ಮಣ್ಣಿನ ಮೇಲ್ಪದರದಲ್ಲೇ ಹೆಣೆದುಕೊಂಡಿವೆ. ಆದ್ದರಿಂದ ಬುಡ ಅಗೆಯದೆ, ಮೇಲಿನಿಂದಲೇ ಮಣ್ಣಿಗೆ ಜೀವ ತುಂಬಬೇಕು ಎಂದು ನಿರ್ಧರಿಸಿದ್ದೇನೆ.

ಕೈಗೆ ಸಿಗುವುದು ತೆಂಗಿನ ಸಿಪ್ಪೆ, ಅಡಿಕೆ ಸೋಗೆ, ಗೇರಿನ ತರಗೆಲೆ, ಬೇಲಿಯ ಗ್ಲಿರಿಸಿಡಿಯಾ ಸೊಪ್ಪು, ಸ್ವಲ್ಪ ಹಟ್ಟಿಗೊಬ್ಬರ. ತೆಂಗಿನ ನಾರಿನ ಹುಡಿಯೂ ಅಗ್ಗಕ್ಕೆ ಸಿಗುತ್ತದೆ. ಆದರೆ ಹಸಿ ಹುಡಿಯಲ್ಲಿ ಇಂಗಾಲ ಹೆಚ್ಚು, ಸಾರಜನಕ ತೀರಾ ಕಡಿಮೆ. ಕೊಳೆಯುವಾಗ ಗಿಡದ ಪಾಲಿನ ಸಾರಜನಕವನ್ನೇ ಎಳೆದುಕೊಳ್ಳುತ್ತದೆ. ಕಾಂಪೋಸ್ಟ್ ಮಾಡದೆ ಅದನ್ನು ಹಾಕಲು ಮನಸ್ಸಿಲ್ಲ.

ಹಣ್ಣಿನ ತೋಟದ ಅನುಭವವಿರುವವರು ದಯವಿಟ್ಟು ತಿಳಿಸಿ. ತೆಂಗಿನ ಬುಡಕ್ಕೆ ಸಿಪ್ಪೆಯನ್ನು ಉಬ್ಬು ಭಾಗ ಮೇಲೆ ಬರುವಂತೆ ಹರಡುವ ಕ್ರಮವಿದೆಯಲ್ಲ, ಅದು ರಂಬುಟಾನಿಗೂ ಆದೀತೇ? ಒಣ ಹೊದಿಕೆಗೆ ಗೆದ್ದಲು ಹತ್ತದಂತೆ ಬೇವಿನ ಹಿಂಡಿಯೊಂದೇ ಸಾಕೇ? ಕಾಂಡದಿಂದ ಒಂದು ಗೇಣು ಬಿಟ್ಟೇ ಹರಡುತ್ತೇವೆ; ಆಟಿ ತಿಂಗಳ ಜೋರು ಮಳೆಗೆ ಬುಡ ಕೊಳೆಯದಿರಲು ಇನ್ನಷ್ಟು ಸರಿಸಬೇಕೇ? ನಮ್ಮದು ಹುಳಿ ಮಣ್ಣು, ಸುಣ್ಣ ಹಾಕಲೇಬೇಕು. ಹಟ್ಟಿಗೊಬ್ಬರದ ಜೊತೆಗೇ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ನೀವು ಎಷ್ಟು ಅಂತರ ಬಿಡುತ್ತೀರಿ?

ಇಂಥದೇ ಗುಡ್ಡೆ ತೋಟದ ಬುಡದ ಫೋಟೋ ಇದ್ದರೆ ಹಾಕಿ. ಹತ್ತಿರದವರಾದರೆ ಬಂದು ನೋಡುತ್ತೇನೆ.