ಪದ ಬೇಕು: ಹಾಯಿದೋಣಿಯ ‘ಕಾಕ್‌ಪಿಟ್’, ಅದರ ನೀರು ಹೊರಹೋಗುವ ಕಂಡಿ (ನಾಳೆ ಸಂಜೆಯೊಳಗೆ)

ಬರೆದವರು: ಅಳಿವೆ

ಎಲ್ಲರಿಗೂ ನಮಸ್ಕಾರ.

ನಾವು ನಾಲ್ಕು ಜನ ಸೇರಿ ಒಂದು ಹಳೆಯ ಹಾಯಿದೋಣಿ ಕೊಂಡಿದ್ದೇವೆ. ಇಪ್ಪತ್ತು ಅಡಿ ಉದ್ದ. ಕಾರವಾರದಲ್ಲಿ ಕಾಳಿ ನದಿಯ ಅಳಿವೆ ಹತ್ತಿರ ಇಟ್ಟಿದ್ದೇವೆ. ನೋಡಿಕೊಳ್ಳುವ ಹುಡುಗರಿಬ್ಬರಿಗೆ ಕನ್ನಡ ಚೆನ್ನಾಗಿ ಬರುತ್ತದೆ, ಇಂಗ್ಲಿಷ್ ಅಷ್ಟಕ್ಕಷ್ಟೆ. ಹೋದ ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆ ಎಳೆದಿಟ್ಟಾಗ ಯಾರೋ ಒಳ್ಳೆಯದಕ್ಕೇ ಅಂತ ಕಾಕ್‌ಪಿಟ್ಟಿನ (ಹಿಂಭಾಗದ ತೆರೆದ ತಗ್ಗಿನ) ನೀರು ಹೊರಹೋಗುವ ಅಡಿಯ ವಾಲ್ವ್‌ಗಳನ್ನು ಮುಚ್ಚಿದರು. (ಯಾರೋ ಅಂದರೆ ನಾನೇ.) ಕಾಕ್‌ಪಿಟ್ ಮಳೆನೀರಿನಿಂದ ತುಂಬಿ, ಉಕ್ಕಿ, ಕ್ಯಾಬಿನ್ನಿನೊಳಗೆ ಹರಿಯಿತು. ಹಾಸಿಗೆಗಳೆಲ್ಲ ಕೊಳೆತವು.

ಈಗ ಮೂರು ಸ್ಟಿಕ್ಕರ್ ಮಾಡಿಸುತ್ತಿದ್ದೇನೆ. ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. ಬೇಕಾದ ಪದಗಳು ಇವು. ಹಿಂಭಾಗದಲ್ಲಿ ಕೂತು ಚುಕ್ಕಾಣಿ ಹಿಡಿಯುವ ತಗ್ಗು ಜಾಗ, ಅಂದರೆ ಕಾಕ್‌ಪಿಟ್. ವಿಮಾನದ್ದಕ್ಕೆ ‘ಚಾಲಕನ ಕೋಣೆ’ ಅನ್ನುತ್ತಾರೆ, ಆದರೆ ಇದಕ್ಕೆ ಚಾವಣಿಯೇ ಇಲ್ಲ. ಅದರ ಸುತ್ತಲಿನ ಎತ್ತರದ ಅಂಚು. ಬಿದ್ದ ನೀರು ತಾನಾಗಿ ಹೊರಗೆ ಹೋಗುವ ಕಂಡಿ. ಕ್ಯಾಬಿನ್ ಬಾಗಿಲಿಗೆ ಒಂದರ ಮೇಲೊಂದು ಇಳಿಸುವ ಹಲಗೆಗಳು, ಇಂಗ್ಲಿಷಲ್ಲಿ ವಾಶ್‌ಬೋರ್ಡ್.

ದಯವಿಟ್ಟು ಬೇಗ ಹೇಳಿ.

ಬರೆದವರು: ಬೇರುನುಡಿ

ಕಾಕ್‌ಪಿಟ್ ಬೇಡವೇ ಬೇಡ. ಕನ್ನಡದಲ್ಲಿ ‘ಬಸಿ’ ಇದೆ. ಅನ್ನ ಬಸಿಯುತ್ತೇವೆ, ಗದ್ದೆಗೆ ಬಸಿಗಾಲುವೆ ತೆಗೆಯುತ್ತೇವೆ. ತಾನಾಗಿ ಬಸಿಯುವ ಕುಳಿ ‘ತನ್ಬಸಿಗುಳಿ’. ಆದೇಶ ಸಂಧಿ ಸರಿಯಾಗಿದೆ, ಯಾರೂ ತಿದ್ದಬೇಕಿಲ್ಲ. ಅಂದಹಾಗೆ ‘ಹಾಯಿ’ ಬಂದದ್ದು ‘ಹಾಯು’ ಧಾತುವಿನಿಂದ. ಹೊಳೆ ಹಾಯಿಸುವುದು ಹಾಯಿ. ಇಂಥ ಬೇರು ಇರುವಾಗ ಸಾಲಕ್ಕೆ ಕೈ ಚಾಚುವುದು ಯಾಕೆ? ನುಡಿಯ ಚುಕ್ಕಾಣಿ ನಮ್ಮ ಕೈಯಲ್ಲೇ ಇರಲಿ.

ಬರೆದವರು: ಕರಡಚ್ಚು

ತಪ್ಪು. ‘ಹಾಯಿ’ಗೂ ‘ಹಾಯು’ಗೂ ಸಂಬಂಧ ಕಲ್ಪಿಸುವುದು ಬರೀ ಕಿವಿಯ ಕೆಲಸ. ತಮಿಳಿನ ‘ಪಾಯ್’ ನೋಡಿ. ಚಾಪೆಗೂ ಅದೇ, ದೋಣಿಯ ಪಟಕ್ಕೂ ಅದೇ. ನಮ್ಮಲ್ಲಿ ಪಕಾರ ಹಕಾರವಾಯಿತು, ಹಾಲು, ಹಾವು ಆದ ಹಾಗೆ. ಹಿಂದೆ ಚಾಪೆಯನ್ನೇ ಹಾಯಿಯಾಗಿ ಕಟ್ಟುತ್ತಿದ್ದರು.

ಇನ್ನು ‘ಚುಕ್ಕಾಣಿ’. ಅದು ಅರಬ್ಬಿಯ ‘ಸುಕ್ಕಾನ್’. ನುಡಿಯ ಚುಕ್ಕಾಣಿ ಯಾರ ಕೈಯಲ್ಲಿದೆಯೋ ನೀವೇ ಲೆಕ್ಕ ಹಾಕಿ.

‘ತನ್ಬಸಿಗುಳಿ’ ಅಂತ ಮೆಡಿಕಲ್ ಶಾಪಲ್ಲಿ ಕೇಳಿದರೆ ಹತ್ತರ ಸ್ಟ್ರಿಪ್ ಕೊಡುತ್ತಾರೆ.

ಬರೆದವರು: ಬೇರುನುಡಿ

ಒಂದು ಪದ ಅರಬ್ಬಿಯದು ಅಂದಮಾತ್ರಕ್ಕೆ ಬಾಗಿಲು ತೆಗೆದಿಡಬೇಕು ಅಂತೇನೂ ಇಲ್ಲ.

ಬರೆದವರು: ಕರಡಚ್ಚು

ಬಾಗಿಲು ಯಾವತ್ತೋ ತೆಗೆದಾಗಿದೆ ಸ್ವಾಮಿ. ಬಂದರು, ಲಂಗರು ಎರಡೂ ಪಾರ್ಸಿ. ನಿಮ್ಮ ಮನೆಯ ಚಾವಿ ಪೋರ್ಚುಗೀಸು. ಕಡಲ ಕೆಲಸದಲ್ಲಿ ಯಾವ ಭಾಷೆಯೂ ಮಡಿ ಉಟ್ಟು ಕೂತಿಲ್ಲ. ಇಂಗ್ಲಿಷಿನವರು ‘ಡಿಂಗಿ’ ತಗೊಂಡದ್ದು ಹಿಂದಿ, ಬಂಗಾಳಿಗಳಿಂದ, ‘ಕಟಮರಾನ್’ ತಮಿಳಿನ ಕಟ್ಟುಮರದಿಂದ. ಅಲ್ಲಿ ಯಾರೂ ಎದೆ ಬಡಿದುಕೊಳ್ಳಲಿಲ್ಲ.

ಕಾಕ್‌ಪಿಟ್ ಅಂದರೆ ಮೊದಲು ಕೋಳಿ ಅಂಕ ನಡೆಯುವ ಕುಳಿ. ಆಮೇಲೆ ಯುದ್ಧನೌಕೆಯ ತಳದ ಒಂದು ಕತ್ತಲ ಜಾಗಕ್ಕೆ ಆ ಹೆಸರು ಬಂತು, ಕಾಳಗದಲ್ಲಿ ಗಾಯಾಳುಗಳನ್ನು ಅಲ್ಲಿಗೆ ಇಳಿಸುತ್ತಿದ್ದರು. 1805ರಲ್ಲಿ ಟ್ರಫಾಲ್ಗರ್ ಕಾಳಗದಲ್ಲಿ ಗುಂಡೇಟು ತಿಂದ ಬ್ರಿಟಿಷ್ ನೌಕಾಧಿಪತಿ ನೆಲ್ಸನ್ ಸತ್ತದ್ದು ‘ವಿಕ್ಟರಿ’ ಹಡಗಿನ ಕಾಕ್‌ಪಿಟ್‌ನಲ್ಲೇ. ಚಿಕ್ಕ ದೋಣಿಯ ತೆರೆದ ತಗ್ಗಿಗೆ, ವಿಮಾನಕ್ಕೆ ಹೋದದ್ದೆಲ್ಲ ಆಮೇಲೆ. ಇಷ್ಟು ಊರು ಸುತ್ತಿದ ಪದ ಕನ್ನಡಕ್ಕೂ ಬರಲಿ ಬಿಡಿ.

ಬರೆದವರು: ಕಡಲತಡಿ

ಮಾರಾಯ್ರೆ, ಮೇಡಂ ಕೇಳಿದ್ದು ಸ್ಟಿಕ್ಕರಿಗೆ. ನೀವು ನೆಲ್ಸನ್ನನ ಶ್ರಾದ್ಧ ಮಾಡ್ತಾ ಇದ್ದೀರಿ.

ನಮ್ಮ ಮಲ್ಪೆ ಕಡೆಯ ನಾಡದೋಣಿಗೆ ಕಾಕ್‌ಪಿಟ್ ಅಂತ ಬೇರೆ ಜಾಗ ಇಲ್ಲ. ಇಡೀ ದೋಣಿಯೇ ತೆರೆದದ್ದು. ನೀರು ಬಂದರೆ ಪ್ಲಾಸ್ಟಿಕ್ ಕ್ಯಾನಿನ ಬಾಯಿ ಓರೆಗೆ ಕತ್ತರಿಸಿಕೊಂಡು ಮೊಗೆದು ಚೆಲ್ಲುವುದು, ಅಷ್ಟೆ. ಹಾಗಾಗಿ ಮೀನುಗಾರರ ಪದ ಅಂತ ಹುಡುಕಿ ಪ್ರಯೋಜನ ಇಲ್ಲ. ದೊಡ್ಡ ಬೋಟಿನವರು ಡೆಕ್ಕು, ಕ್ಯಾಬಿನ್ನು ಅಂತಲೇ ಹೇಳುತ್ತಾರೆ.

ಆದರೆ ವಾಶ್‌ಬೋರ್ಡ್ ನಮಗೆ ಗೊತ್ತಿರುವ ಸಾಮಾನೇ. ಕಿಂಡಿ ಅಣೆಕಟ್ಟು ನೋಡಿದ್ದೀರಲ್ಲ? ಮಳೆ ನಿಂತ ಮೇಲೆ ಕಂಬದ ಸಂದಿಗೆ ಮರದ ಹಲಗೆ ಒಂದರ ಮೇಲೊಂದು ಇಳಿಸಿ ನೀರು ನಿಲ್ಲಿಸುತ್ತೇವೆ. ಕೆಲಸವೂ ಅದೇ, ವಸ್ತುವೂ ಅದೇ. ‘ಹಲಗೆ’ ಸಾಕು.

ಬರೆದವರು: ತೊಟ್ಟಿಮನೆ

ಕಾಕ್‌ಪಿಟ್‌ಗೆ ‘ತೊಟ್ಟಿ’ ಯಾಕಾಗಬಾರದು? ತೊಟ್ಟಿಮನೆಯ ನಡುವಿನ ತೊಟ್ಟಿ ನೆನಪು ಮಾಡಿಕೊಳ್ಳಿ. ತಗ್ಗಿನಲ್ಲಿರುತ್ತದೆ, ಮೇಲೆ ಬಯಲು, ಸುತ್ತ ಕೂರಲು ಜಗಲಿ. ಜೋರು ಮಳೆ ಬಂದರೂ ಮೂಲೆಯ ಕಂಡಿಯಿಂದ ನೀರು ಹೊರಗೆ ಹೋಗುತ್ತದೆ, ಪಡಸಾಲೆಗೆ ಹತ್ತುವುದಿಲ್ಲ. ಯಾವ ದೋಣಿ ಕಟ್ಟುವವನೂ ಇದಕ್ಕಿಂತ ಹೆಚ್ಚಿನದೇನೂ ಮಾಡಿಲ್ಲ! ಹಾಗೇ, ಕ್ಯಾಬಿನ್ ಬಾಗಿಲ ಮುಂದಿನ ಎತ್ತರಕ್ಕೆ ‘ಹೊಸ್ತಿಲು’. ಸುತ್ತಲಿನ ಅಂಚಿಗೆ ‘ಕಟ್ಟೆ’, ಬಾವಿಕಟ್ಟೆಯ ಹಾಗೆ.

ಬರೆದವರು: ಬೇರುನುಡಿ

ತೊಟ್ಟಿ ಅಂದರೆ ನೀರು ತುಂಬಿಡುವುದು. ನೀರು ನಿಲ್ಲಬಾರದ ಜಾಗಕ್ಕೆ ಆ ಹೆಸರೇ?

ಬರೆದವರು: ತೊಟ್ಟಿಮನೆ

ಎರಡೂ ಅರ್ಥ ಇವೆ. ಹಳೇ ಮೈಸೂರಿನ ಕಡೆ ಒಂದು ಸಲ ಬಂದು ಹೋಗಿ.

ಬರೆದವರು: ದೂರದಡ

ನಾನು ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಚಿಕ್ಕ ದೋಣಿಯಲ್ಲಿ ಹಾಯಿ ಕಟ್ಟುವವನು. ಪದ ಆರಿಸುವ ಮುಂಚೆ ಒಂದು ವಿಷಯ ನೋಡಿ. ಇಲ್ಲಿ ನೀರಿನ ತೂಕವೇ ಮುಖ್ಯ. ಕಾಕ್‌ಪಿಟ್ ಒಂದೂವರೆ ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಆಳ ಅಂದುಕೊಳ್ಳಿ. ಒಂದು ಅಲೆ ಅದನ್ನು ತುಂಬಿಸಿದರೆ 400 ಲೀಟರಿಗೂ ಜಾಸ್ತಿ. ದೋಣಿಯ ಹಿಂಭಾಗಕ್ಕೆ ಆರು ಜನ ಒಟ್ಟಿಗೆ ಹತ್ತಿದ ಹಾಗೆ. ಒಂದೊಂದು ಇಂಚಿನ ಎರಡೇ ಕಂಡಿ ಇದ್ದರೆ ಅದು ಖಾಲಿಯಾಗಲು ಏಳೆಂಟು ನಿಮಿಷವಾದರೂ ಬೇಕು. ಎರಡನೇ ಅಲೆ ಅಷ್ಟು ಹೊತ್ತು ಕಾಯುವುದಿಲ್ಲ. ಎಲೆಯೊಂದು ಸಿಕ್ಕಿಕೊಂಡರೆ ಕಥೆ ಮುಗಿಯಿತು.

ಇನ್ನೊಂದು. ತಾನಾಗಿ ಹೊರಗೆ ಹೋಗಬೇಕಾದರೆ ಕಾಕ್‌ಪಿಟ್ಟಿನ ನೆಲ ಹೊರಗಿನ ನೀರಿಗಿಂತ ಮೇಲಿರಬೇಕು. ಜನ ಜಾಸ್ತಿ ಕೂತು ಹಿಂಭಾಗ ತಗ್ಗಿದರೆ, ಅಥವಾ ಗಾಳಿಗೆ ದೋಣಿ ತುಂಬ ವಾಲಿದರೆ, ಅದೇ ಕಂಡಿಯಿಂದ ಕಡಲು ಒಳಗೆ ಬರುತ್ತದೆ. ಆಗ ಆ ಕಡೆಯ ವಾಲ್ವ್ ಮುಚ್ಚಬೇಕಾಗುತ್ತದೆ. ಹಾಗಾಗಿ ‘ಯಾವಾಗಲೂ ತೆರೆದಿಡಿ’ ಅಂತ ಬರೆಸಬೇಡಿ.

ಹಲಗೆಯ ಬಗ್ಗೆ: 1979ರ ಫಾಸ್ಟ್‌ನೆಟ್ ಹಾಯಿದೋಣಿ ರೇಸಿನಲ್ಲಿ 303 ದೋಣಿ ಹೊರಟವು, ಬಿರುಗಾಳಿಗೆ ಸಿಕ್ಕಿ ಸ್ಪರ್ಧಿಗಳಲ್ಲಿ 15 ಮಂದಿ ಸತ್ತರು. ದೋಣಿ ಮಗುಚಿದಾಗ ಕೆಲವು ಕಡೆ ಈ ಹಲಗೆಗಳು ಕಳಚಿ ಬಿದ್ದು ಹೋಗಿದ್ದವು. ಆಮೇಲೆ ಅವನ್ನು ಹಗ್ಗದಿಂದ ದೋಣಿಗೇ ಕಟ್ಟಿಡಬೇಕು ಅಂತ ನಿಯಮ ಬಂತು. ಸ್ಟಿಕ್ಕರಿನಲ್ಲಿ ಹಗ್ಗದ ಮಾತೂ ಇರಲಿ.

ಬರೆದವರು: ಕೆರೆಏರಿ

ಯಾರೂ ‘ತೂಬು’ ಅನ್ನಲಿಲ್ಲವಲ್ಲ! ಕೆರೆಯ ತೂಬು ಬೇಕಾದಾಗ ತೆರೆಯುತ್ತದೆ, ಬೇಡವಾದಾಗ ಮುಚ್ಚುತ್ತದೆ. ದೂರದಡದವರು ಹೇಳಿದ ವಾಲ್ವ್ ಬೇರೇನು ಮತ್ತೆ? ಇಂಗ್ಲಿಷಿನ ‘ಟ್ಯೂಬ್’ ಹುಟ್ಟಿದ್ದೂ ನಮ್ಮ ತೂಬಿನಿಂದಲೇ. ಪದ ವಾಪಸ್ ಮನೆಗೆ ಬಂದ ಹಾಗಾಗುತ್ತದೆ.

ಬರೆದವರು: ಕರಡಚ್ಚು

ಟ್ಯೂಬ್ ಲ್ಯಾಟಿನ್ನಿನ ‘ಟುಬುಸ್’. ತೂಬು ದ್ರಾವಿಡದ ‘ತೂಂಬು’. ದನಿ ಹೊಂದಿದ್ದು ಆಕಸ್ಮಿಕ. ಮುಂದೆ?

ಬರೆದವರು: ಕೆರೆಏರಿ

ಆಕಸ್ಮಿಕ ಅಂತ ಸಾಬೀತು ಮಾಡಿ.

ಬರೆದವರು: ಕಡಲತಡಿ

ಅದು ಬಿಡಿ. ತೂಬಿನಿಂದ ನೀರು ಒಂದೇ ದಿಕ್ಕಿಗೆ ಹೋಗುತ್ತದೆ. ಗದ್ದೆಯ ನೀರು ತೂಬು ಹತ್ತಿ ಕೆರೆಗೆ ಬಂದದ್ದು ಯಾರಾದರೂ ನೋಡಿದ್ದೀರಾ? ಇಲ್ಲಿ ಕಡಲೇ ವಾಪಸ್ ಬರುತ್ತದೆ. ನನಗೆ ಬೇರುನುಡಿಯವರ ‘ಬಸಿ’ ಹಿಡಿಸಿತು. ಗುಳಿ, ಗುಳಿಗೆ ಬಿಡಿ. ಬಸಿ, ಕಂಡಿ, ಎರಡು ಸೇರಿಸಿ ‘ಬಸಿಗಂಡಿ’. ಬಸಿಗಾಲುವೆ ಗೊತ್ತಿದ್ದವರಿಗೆ ವಿವರಿಸಬೇಕಾಗಿಲ್ಲ.

ಬರೆದವರು: ಬೇರುನುಡಿ

ನನ್ನ ಪದದ ಅರ್ಧ ಇಟ್ಟುಕೊಂಡು ಅರ್ಧ ಎಸೆದಿದ್ದೀರಿ. ಆಗಲಿ.

ಬರೆದವರು: ಅಳಿವೆ

ಎಲ್ಲರಿಗೂ ಥ್ಯಾಂಕ್ಸ್. ಪ್ರಿಂಟಿಗೆ ಕೊಟ್ಟು ಬಂದೆ.

ಕೊಡುವ ಮುಂಚೆ ಹುಡುಗರಿಗೆ ಓದಿಸಿದೆ. ‘ಹಲಗೆ’ಗೆ ಇಬ್ಬರೂ ತಲೆಯಾಡಿಸಿದರು. ‘ಬಸಿಗಂಡಿ’ ನೋಡಿ ಒಬ್ಬ ಒಂದು ಕ್ಷಣ ಸುಮ್ಮನಿದ್ದ, ಆಮೇಲೆ ‘ಬಚ್ಚಲ ಕಂಡಿ ಥರ, ಅಲ್ವಾ?’ ಅಂದ. ಅಷ್ಟು ಸಾಕಾಯಿತು. ತೊಂದರೆ ಬಂದದ್ದು ತೊಟ್ಟಿಗೆ. ನನಗೂ ಅದೇ ಇಷ್ಟವಾಗಿತ್ತು. ‘ತೊಟ್ಟಿಯ ಕಸ ದಿನಾ ತೆಗೆಯಿರಿ’ ಅಂತ ಬರೆದಿದ್ದೆ. ಇನ್ನೊಬ್ಬ ಓದಿ, ‘ಕಸದ ತೊಟ್ಟಿ ಎಲ್ಲಿಟ್ಟಿದ್ದೀರಿ ಅಕ್ಕಾ?’ ಅಂತ ಸುತ್ತ ಹುಡುಕಿದ.

ಕೊನೆಗೆ ಹೀಗಾಯಿತು.

ವಾಲ್ವ್ ಹತ್ತಿರ: ‘ಬಸಿಗಂಡಿ. ದೋಣಿ ಬಿಟ್ಟು ಇಳಿಯುವಾಗ ತೆರೆದಿರಲಿ. ಹಿಡಿ ಪೈಪಿನ ಉದ್ದಕ್ಕಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ.’

ಬಾಗಿಲ ಹತ್ತಿರ: ‘ಅಲೆ ಎದ್ದರೆ ಹಲಗೆ ಹಾಕಿ. ಕೆಳಗಿನಿಂದ 1, 2, 3. ಕಟ್ಟಿದ ಹಗ್ಗ ಬಿಚ್ಚಬೇಡಿ.’

ಕಾಕ್‌ಪಿಟ್ಟಿನಲ್ಲಿ: ‘ಇಲ್ಲಿ ಎಲೆ, ಕಸ, ನೀರು ನಿಲ್ಲಬಾರದು.’

ಹೌದು, ಕಾಕ್‌ಪಿಟ್‌ಗೆ ಪದವನ್ನೇ ಹಾಕಲಿಲ್ಲ. ಅಲ್ಲೇ ಅಂಟಿಸುವ ಚೀಟಿ ತಾನೇ, ‘ಇಲ್ಲಿ’ ಅಂದರೆ ಸಾಕು ಅನ್ನಿಸಿತು.

ಬರೆದವರು: ಬೇರುನುಡಿ

‘ಪೈಪು’ ಹಾಗೇ ಬಿಟ್ಟಿದ್ದೀರಿ. ಕೊಳವೆ ಅನ್ನೋಕೆ ಏನಾಗಿತ್ತು?

ಬರೆದವರು: ಕೆರೆಏರಿ

ತೂಬು.