ಕರಂಗಲ್ಪಾಡಿಯ ಹಳೆ ಮನೆ ಜಾಗ ಬಿಲ್ಡರ್‌ಗೆ ಕೊಡಬಹುದಾ? ಅನುಭವ ಇದ್ದವರು ದಯವಿಟ್ಟು ಹೇಳಿ

ಓಣಿಮನೆ

ಮಂಗಳೂರಿನ ಕರಂಗಲ್ಪಾಡಿ ಮಾರ್ಕೆಟ್ ಹತ್ತಿರದ ಓಣಿಯಲ್ಲಿ ನಮ್ಮದು 18 ಸೆಂಟ್ಸ್ ಜಾಗ. ಅಜ್ಜ ಕಟ್ಟಿಸಿದ ಹೆಂಚಿನ ಮನೆ, ಮುರಕಲ್ಲಿನ ಗೋಡೆ. ಈಗ ಅಮ್ಮ ಒಬ್ಬರೇ ಇದ್ದಾರೆ, 71 ವರ್ಷ. ನಾನು ಬೆಂಗಳೂರಿನಲ್ಲಿ, ಅಕ್ಕ ಮಸ್ಕತ್‌ನಲ್ಲಿ.

ಪಕ್ಕದ ಮನೆಯವರು ತಮ್ಮ 22 ಸೆಂಟ್ಸ್ ಜಾಗವನ್ನು ಜಾಯಿಂಟ್ ಡೆವಲಪ್‌ಮೆಂಟ್‌ಗೆ ಕೊಡಲು ಒಪ್ಪಿದ್ದಾರೆ. ಅವರದ್ದು ದೊಡ್ಡ ರಸ್ತೆಗೆ ತಾಗಿಕೊಂಡ ಜಾಗ. ಅದೇ ಬಿಲ್ಡರ್ ಈಗ ನಮ್ಮ ಮನೆಗೂ ಬಂದಿದ್ದಾರೆ. ಎರಡೂ ಸೇರಿಸಿ ನೆಲದ ಕೆಳಗೆ ಎರಡು ಅಂತಸ್ತು ಪಾರ್ಕಿಂಗ್, ಮೇಲೆ 11 ಮಹಡಿ ಅಂತ ಪ್ಲಾನ್. ನಮ್ಮ ಜಾಗದ ಲೆಕ್ಕಕ್ಕೆ ಬರುವ ಕಟ್ಟಡದಲ್ಲಿ ಶೇ. 40 ನಮಗೆ, ಅಡ್ವಾನ್ಸ್ 30 ಲಕ್ಷ, ಕಟ್ಟಿ ಮುಗಿಯುವವರೆಗೆ ತಿಂಗಳಿಗೆ 18,000 ಬಾಡಿಗೆ. ಮೂರು ವರ್ಷದಲ್ಲಿ ಮುಗಿಸುತ್ತೇವೆ ಅಂತಾರೆ.

ಕಳೆದ ತಿಂಗಳು ಊರಿಗೆ ಹೋದಾಗ ಓಣಿಯಲ್ಲಿ ಒಂದು ಸುತ್ತು ನಡೆದೆ. ನಾನು ಶಾಲೆಗೆ ಹೋಗುವಾಗ ಇಲ್ಲಿ ಹನ್ನೊಂದು ಹೆಂಚಿನ ಮನೆ ಇತ್ತು. ಈಗ ನಾಲ್ಕು ಉಳಿದಿವೆ. ಕೊಡಿಯಾಲ್‌ಬೈಲ್, ಬಿಜೈ, ಕದ್ರಿ, ಬೆಂದೂರ್‌ವೆಲ್, ಎಲ್ಲ ಕಡೆ ಇದೇ ಕಥೆ ಅಲ್ವಾ. ಇದು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಜನ ಪೇಟೆಯೊಳಗೇ ಇರಬೇಕು ಅಂತ ಬಯಸುವುದರಲ್ಲಿ ಏನು ತಪ್ಪು? ನಮ್ಮ ಅಮ್ಮನನ್ನೇ ನೋಡಿ. ಚೀಲ ಹಿಡಿದು ಹೊರಟರೆ ಐದು ನಿಮಿಷದಲ್ಲಿ ಮಾರ್ಕೆಟ್. ಡಾಕ್ಟರ್ ಹತ್ತಿರ, ಬ್ಯಾಂಕ್ ಹತ್ತಿರ. ಊರ ಹೊರಗೆ ವಿಲ್ಲಾ ತೆಗೆದುಕೊಟ್ಟರೆ ಅವರು ಆಟೋಗೆ ಕಾಯುತ್ತಾ ಕೂರಬೇಕು.

ಮನೆ ನೋಡಿಕೊಳ್ಳುವುದು ಮಾತ್ರ ಕಷ್ಟವಾಗುತ್ತಿದೆ. ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿ ಹೆಂಚು ಸರಿ ಮಾಡುವವರು ಸಿಗುವುದಿಲ್ಲ. ಕಳೆದ ಜುಲೈಯಲ್ಲಿ ಅಮ್ಮ ಹಿಂಬಾಗಿಲ ಮೆಟ್ಟಿಲಲ್ಲಿ ಪಾಚಿಗೆ ಜಾರಿ ಬಿದ್ದರು. ಮೊಣಕೈ ತರಚಿತು ಅಷ್ಟೇ, ಆದರೆ ಸಂಜೆ ಫೋನ್ ಮಾಡುವವರೆಗೆ ನಮಗೆ ಗೊತ್ತೇ ಇರಲಿಲ್ಲ. ಅವತ್ತಿನಿಂದ ನನಗೆ ನೆಮ್ಮದಿ ಇಲ್ಲ.

ಬಿಲ್ಡರ್ ಕಡೆಯ ಹುಡುಗ ಡ್ರಾಯಿಂಗ್ ತಂದು ಊಟದ ಮೇಜಿನ ಮೇಲೆ ಹರಡಿದ. ಸುರುಳಿ ಮತ್ತೆ ಸುತ್ತಿಕೊಳ್ಳದ ಹಾಗೆ ಒಂದು ಮೂಲೆಗೆ ಉಪ್ಪಿನಕಾಯಿ ಭರಣಿ, ಇನ್ನೊಂದಕ್ಕೆ ಅಮ್ಮನ ಕನ್ನಡಕದ ಡಬ್ಬಿ. ಅಮ್ಮ ಫ್ಲಾಟ್ ಎಷ್ಟು ದೊಡ್ಡದು ಅಂತ ನೋಡಲೇ ಇಲ್ಲ. ಈಶಾನ್ಯ ಮೂಲೆಯಲ್ಲಿ ಒಂದು ಚೌಕದ ಮೇಲೆ ಬೆರಳಿಟ್ಟು ‘ಇದೆಂತ?’ ಅಂತ ಕೇಳಿದರು. ‘ಜನರೇಟರ್ ರೂಮ್ ಅಮ್ಮಾ’ ಅಂದ. ಅಲ್ಲಿ ಈಗ ನಮ್ಮ ನಾಗನ ಕಲ್ಲು ಇದೆ. ಅದರ ಪಕ್ಕದಲ್ಲೇ ಬಾವಿ. ಡ್ರಾಯಿಂಗ್‌ನಲ್ಲಿ ಬಾವಿಯೂ ಇರಲಿಲ್ಲ.

2019ರ ಬೇಸಿಗೆಯಲ್ಲಿ ತುಂಬೆ ಡ್ಯಾಮಿನಲ್ಲಿ ನೀರು ಇಳಿದು ಊರಿಗೆಲ್ಲ ಪಾಳಿಯಲ್ಲಿ ನೀರು ಬಿಡುತ್ತಿದ್ದಾಗ, ಓಣಿಯ ಐದು ಮನೆಯವರು ಇದೇ ಬಾವಿಯಿಂದ ಸೇದಿದ್ದರು. ಅಮ್ಮ ಡ್ರಾಯಿಂಗ್ ಮಡಚಿ ಹುಡುಗನ ಕೈಗೆ ಕೊಟ್ಟು, ಟೀ ಮಾಡಲು ಒಳಗೆ ಹೋದರು.

ನನ್ನ ಪ್ರಶ್ನೆ ಇಷ್ಟು. ಶೇ. 40 ಸರಿಯಾ? ಕಾಗದಪತ್ರದಲ್ಲಿ ಏನೇನು ನೋಡಬೇಕು? ಮುಖ್ಯವಾಗಿ, ಬಾವಿ ಮತ್ತು ನಾಗನ ಜಾಗ ಉಳಿಸಿಕೊಂಡು ಇದನ್ನು ಮಾಡಲು ಆಗುತ್ತದಾ, ಅಥವಾ ನಾವು ಸುಮ್ನೆ ಆಸೆ ಪಡುತ್ತಿದ್ದೇವಾ?

---

ಸೈಟ್ ಇಂಜಿನಿಯರ್, ನಿವೃತ್ತ

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದು ಬರೀ ಭಾವನೆಯ ವಿಷಯ ಅಲ್ಲ. ಮಣ್ಣಿನ ವಿಷಯ.

ಮಂಗಳೂರಿನ ಗುಡ್ಡದ ಇಳಿಜಾರುಗಳಲ್ಲಿ ಮೇಲೆ ಗಟ್ಟಿ ಮುರಕಲ್ಲು, ಅದರ ಕೆಳಗೆ ಶೇಡಿ ಮಣ್ಣು. ಬಿಳಿ, ನಸುಗೆಂಪು, ಹಳದಿ ಪದರ ಇರುತ್ತದಲ್ಲ, ಅದೇ. ಒಣಗಿದ್ದಾಗ ಗೋಡೆ ಹಾಗೆ ನೆಟ್ಟಗೆ ನಿಲ್ಲುತ್ತದೆ. ನೀರು ಹೊಕ್ಕಿತೋ, ಬಲ ಹೋಗಿ ಜಾರುತ್ತದೆ. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. 2024ರ ಜುಲೈಯಲ್ಲಿ ಬಲ್ಮಠದಲ್ಲಿ ಕಟ್ಟಡಕ್ಕೆ ಅಗೆದ ಜಾಗದಲ್ಲಿ ಮಣ್ಣು ಕುಸಿದು ಇಬ್ಬರು ಕಾರ್ಮಿಕರು ಸಿಕ್ಕಿಬಿದ್ದರು, ಒಬ್ಬರು ಉಳಿಯಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಎರಡು ಬೇಸ್‌ಮೆಂಟ್ ಅಂದರೆ 20 ಅಡಿಗಿಂತ ಆಳ ತೆಗೆಯಬೇಕು. ಮೊದಲು ಮಣ್ಣು ಪರೀಕ್ಷೆಯ ವರದಿ ಕೇಳಿ. ನಿಮ್ಮ 18 ಸೆಂಟ್ಸ್‌ನಲ್ಲೇ ಬೋರ್ ಹಾಕಿ ಮಾಡಿದ ವರದಿ ಬೇಕು, ಪಕ್ಕದವರದ್ದು ತೋರಿಸಿದರೆ ಸಾಲದು. ಮಳೆ ಹೋದ ಮೇಲೆ ಅಗೆತ ಶುರು ಮಾಡಿ, ಮುಂದಿನ ಮಳೆಗೆ ಮುಂಚೆ ಸುತ್ತಲಿನ ತಡೆಗೋಡೆ ಮುಗಿಸಬೇಕು ಅಂತ ಒಪ್ಪಂದದಲ್ಲಿ ಬರೆಸಿ. ಓಣಿಯಲ್ಲಿ ಉಳಿದ ಹೆಂಚಿನ ಮನೆಗಳ ಗೋಡೆಯ ಫೋಟೋ ಮೊದಲೇ ತೆಗೆದಿಡಲಿ. ಬಿರುಕು ಬಿಟ್ಟ ಮೇಲೆ ಅದು ಹಳೆಯದಾ ಹೊಸದಾ ಅಂತ ಜಗಳ ಬೇಡ.

ಬಾವಿಗೆ ತಾಗಿಕೊಂಡು ಅಷ್ಟು ಆಳ ತೆಗೆದರೆ ಒರತೆಯೇ ತಪ್ಪಿಹೋಗಬಹುದು. ಬಾವಿ ಕಣ್ಣಿಗೆ ಕಾಣುತ್ತದೆ, ನೀರು ಇರುವುದಿಲ್ಲ. ಉಳಿಸಬೇಕಿದ್ದರೆ ಬೇಸ್‌ಮೆಂಟ್ ಒಂದೇ ಇರಲಿ, ಅದೂ ಬಾವಿಯಿಂದ ಆದಷ್ಟು ದೂರ. ಹೇಗೂ ಕಟ್ಟಡದ ಸುತ್ತ ಸೆಟ್‌ಬ್ಯಾಕ್ ಬಿಡಲೇಬೇಕು. ಮೂಲೆಯಲ್ಲಿ ಇರುವ ಬಾವಿ, ನಾಗನ ಕಲ್ಲು ಆ ಖಾಲಿ ಜಾಗದಲ್ಲೇ ಕೂರುವ ಹಾಗೆ ಡ್ರಾಯಿಂಗ್ ತಿದ್ದಬಹುದು. ಜನರೇಟರ್‌ಗೆ ಬೇರೆ ಮೂಲೆ ಸಿಗುತ್ತದೆ. ಆಗುವುದಿಲ್ಲ ಅಂದರೆ ಕಾರಣ ಬರೆದು ಕೊಡಲಿ.

ಶೇ. 40ರ ಬಗ್ಗೆ. ಎಷ್ಟು ಕಟ್ಟಬಹುದು ಅನ್ನುವುದು ಜಾಗದ ಅಳತೆ ಮತ್ತು ಮುಂದಿನ ರಸ್ತೆಯ ಅಗಲದ ಮೇಲೆ ನಿಂತಿದೆ. ನಿಮ್ಮ ಓಣಿಯ ಅಗಲಕ್ಕೆ ನಿಮ್ಮ ಜಾಗದಲ್ಲಿ ಮಾತ್ರ ಕಟ್ಟಿದರೆ ಇಷ್ಟು ಮಹಡಿ ಏಳುವುದಿಲ್ಲ. ಆದರೆ ನಿಮ್ಮದು ಸೇರದಿದ್ದರೆ ಬಿಲ್ಡರ್‌ಗೂ 40 ಸೆಂಟ್ಸ್‌ನ ಪ್ಲಾನ್ ಇಲ್ಲ. ಇಬ್ಬರಿಗೂ ಇಬ್ಬರೂ ಬೇಕು. ಪಕ್ಕದವರಿಗೆ ಎಷ್ಟು ಪಾಲು ಅಂತ ಅವರನ್ನೇ ಹೋಗಿ ಕೇಳಿ. ಒಟ್ಟಿಗೆ ಕೂತು ಮಾತಾಡಿದರೆ ನಿಮ್ಮಿಬ್ಬರಿಗೂ ಒಳ್ಳೆಯದು.

ಪಾಲನ್ನು ಸೂಪರ್ ಬಿಲ್ಟಪ್ (ಮೆಟ್ಟಿಲು, ಲಿಫ್ಟ್‌ನಂಥ ಎಲ್ಲರ ಜಾಗವೂ ಸೇರಿದ) ಲೆಕ್ಕದಲ್ಲಿ ಬರೆಸಬೇಡಿ, ಕಾರ್ಪೆಟ್ ಏರಿಯಾದಲ್ಲಿ, ಅಂದರೆ ಫ್ಲಾಟಿನ ಒಳಗೆ ಬಳಸಲು ಸಿಗುವ ನೆಲದ ಲೆಕ್ಕದಲ್ಲಿ ಬರೆಸಿ. ಯಾವ ಮಹಡಿ, ಯಾವ ಫ್ಲಾಟ್, ಯಾವ ಪಾರ್ಕಿಂಗ್ ಅಂತ ನಕ್ಷೆಯಲ್ಲಿ ಬಣ್ಣ ಹಾಕಿ ಸಹಿ ಆಗಬೇಕು. ಹಳೆ ಮನೆಯ ಮರ, ಹೆಂಚು ಯಾರಿಗೆ ಅಂತಲೂ ಬರೆಸಿ. 1865ರಲ್ಲಿ ಬಾಸೆಲ್ ಮಿಷನ್‌ನವರು ಇಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಅವರ ಅಚ್ಚು ಇರುವ ಹೆಂಚು ನಿಮ್ಮ ಮಾಡಿನಲ್ಲಿ ಇದ್ದರೆ ದಯವಿಟ್ಟು ಕೆಡವುವವರಿಗೆ ಹಾಗೇ ಬಿಟ್ಟುಕೊಡಬೇಡಿ.

---

ಬೆಂದೂರ್‌ವೆಲ್ ಅಕ್ಕ

ತಮ್ಮಾ, ನಾವು ಕೊಟ್ಟವರು. ಅದಕ್ಕೇ ಬರೆಯುತ್ತಿದ್ದೇನೆ.

2014ರಲ್ಲಿ ಸಹಿ ಹಾಕಿದೆವು. ಮೂರು ವರ್ಷ ಅಂದರು, ಕೀ ಕೈಗೆ ಬರುವಾಗ ಆರೂವರೆ ವರ್ಷ ಆಗಿತ್ತು. ಬಾಡಿಗೆ ಕೊಡುವುದು ‘36 ತಿಂಗಳು’ ಅಂತ ಒಪ್ಪಂದದಲ್ಲಿ ಇತ್ತು. ನಾವು ಅದನ್ನು ಸರಿಯಾಗಿ ಓದಿರಲಿಲ್ಲ. ಮೂವತ್ತೇಳನೇ ತಿಂಗಳಿನಿಂದ ಬಾಡಿಗೆ ನಮ್ಮ ಕೈಯಿಂದಲೇ. ನಮ್ಮ ಅತ್ತೆ ಬಾಡಿಗೆ ಮನೆಯಲ್ಲೇ ತೀರಿಕೊಂಡರು. ಹೊಸ ಮನೆಯಲ್ಲಿ ಬಾಲ್ಕನಿ ಪೂರ್ವಕ್ಕೆ ಬೇಕು ಅಂತ ಹೇಳಿಟ್ಟಿದ್ದರು. ಬಾಲ್ಕನಿ ಪೂರ್ವಕ್ಕೇ ಇದೆ.

ಆದ್ದರಿಂದ ಮೊದಲ ಮಾತು: ‘ಕಟ್ಟಿ ಮುಗಿಯುವವರೆಗೆ’ ಅಂತ ಬಾಯಲ್ಲಿ ಹೇಳಿದ್ದು ಸಾಲದು. ಓಸಿ (ಕಟ್ಟಡದಲ್ಲಿ ವಾಸ ಮಾಡಬಹುದು ಅಂತ ಕೊಡುವ ಸರ್ಟಿಫಿಕೇಟ್) ಬಂದು ಕೀ ಕೊಡುವವರೆಗೆ ಬಾಡಿಗೆ, ವರ್ಷಕ್ಕೆ ಇಷ್ಟು ಏರಿಕೆ, ತಡವಾದರೆ ತಿಂಗಳಿಗೆ ಇಷ್ಟು ದಂಡ ಅಂತ ಬರೆಸು. ಓಸಿ ಇಲ್ಲದೆ ಕೀ ತೆಗೆದುಕೊಳ್ಳಬೇಡ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಓಸಿ ನೋಡಿದ ಮೇಲೆಯೇ ಕರೆಂಟ್, ನೀರಿನ ಸಂಪರ್ಕ ಕೊಡಬೇಕು ಅಂತ ಹೇಳಿದೆ. ಮೊದಲಿನ ಹಾಗೆ ‘ಆಮೇಲೆ ಮಾಡಿಸೋಣ’ ಅನ್ನುವುದು ಇನ್ನು ನಡೆಯುವುದಿಲ್ಲ.

ಇನ್ನೊಂದು, ಅಸಲು ದಾಖಲೆ ಮತ್ತು ಪವರ್ ಆಫ್ ಅಟಾರ್ನಿ. ಬಿಲ್ಡರ್‌ಗೆ ಕೊಡುವ ಪವರ್ ಅವರ ಪಾಲಿಗೆ ಮಾತ್ರ ಇರಲಿ. ಬ್ಯಾಂಕ್ ಸಾಲ ಎತ್ತಿದರೆ ಅದೂ ಅವರ ಪಾಲಿನ ಮೇಲೆ ಮಾತ್ರ. ನಮ್ಮ ಇಡೀ ಜಾಗ ಅಡವು ಬಿದ್ದದ್ದು ನಮಗೆ ಗೊತ್ತಾಗಿದ್ದು ನಾಲ್ಕನೇ ವರ್ಷದಲ್ಲಿ. ಬಿಡಿಸಿಕೊಂಡೆವು, ಆದರೆ ಆ ಒಂದು ವರ್ಷ ನಮ್ಮ ಯಜಮಾನರು ರಾತ್ರಿ ಮಲಗಲಿಲ್ಲ.

ಇಷ್ಟು ಜಾಗ, ಇಷ್ಟು ಫ್ಲಾಟ್ ಇದ್ದರೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗಲೇಬೇಕು. ಆ ಬಿಲ್ಡರ್‌ನ ಹಳೆ ಪ್ರಾಜೆಕ್ಟ್‌ಗಳ ಮೇಲೆ ದೂರು ಇದೆಯಾ ಅಂತ ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ನೋಡು. ಫ್ಲಾಟ್ ಕೊಳ್ಳುವವರಿಂದ ಬಂದ ಹಣದಲ್ಲಿ ಶೇ. 70 ಬೇರೆ ಖಾತೆಯಲ್ಲಿಟ್ಟು ಅದೇ ಪ್ರಾಜೆಕ್ಟ್‌ಗೆ ಖರ್ಚು ಮಾಡಬೇಕು ಅಂತ ಕಾನೂನು ಇದೆ. ನಾವು ಸಹಿ ಹಾಕುವಾಗ ಇದೆಲ್ಲ ಇರಲಿಲ್ಲ. ಜಾಗದ ಮಾಲೀಕರೂ ಬಿಲ್ಡರ್ ಹಾಗೆ ಪ್ರೊಮೋಟರ್ (ಪ್ರಾಜೆಕ್ಟ್‌ಗೆ ಹೊಣೆಗಾರರು) ಲೆಕ್ಕಕ್ಕೆ ಬರಬಹುದು, ಹಾಗಾಗಿ ನಿನ್ನ ಹೊಣೆ ಎಷ್ಟು ಅಂತ ನಿನ್ನದೇ ವಕೀಲರ ಹತ್ತಿರ ಕೇಳು. ಬಿಲ್ಡರ್ ಕರೆತಂದ ವಕೀಲರು ಬೇಡ.

ಅಮ್ಮನಿಗೆ ಬಾಡಿಗೆ ಮನೆ ಅದೇ ಓಣಿಯಲ್ಲಿ, ಇಲ್ಲವಾದರೆ ಮಾರ್ಕೆಟ್‌ಗೆ ನಡೆದು ಹೋಗುವಷ್ಟು ಹತ್ತಿರ ಹುಡುಕು. 18,000ಕ್ಕೆ ಸಿಗದಿದ್ದರೆ ಜಾಸ್ತಿ ಕೇಳು. ದೂರ ಮಾತ್ರ ಕಳಿಸಬೇಡ.

---

ಒಂಬತ್ತನೇ ಮಹಡಿ

ನಾನು ಕದ್ರಿ ಕಡೆ ಇಂಥದ್ದೇ ಜಾಗದಲ್ಲಿ ಎದ್ದ ಅಪಾರ್ಟ್‌ಮೆಂಟ್‌ನಲ್ಲಿ ಫ್ಲಾಟ್ ತೆಗೆದುಕೊಂಡವನು. ನಮ್ಮ ಪಾರ್ಕಿಂಗ್ ಮೂಲೆಯಲ್ಲಿ ಹಳೆ ಮನೆಯವರ ನಾಗನಕಟ್ಟೆ ಹಾಗೇ ಇದೆ. ನಾಗರ ಪಂಚಮಿಗೆ ಬಿಟ್ಟುಹೋದ ಕುಟುಂಬದವರೂ ಬರುತ್ತಾರೆ, ಮಹಡಿಯವರೂ ಇಳಿದು ಬರುತ್ತಾರೆ. ಮುಂಬೈಯಿಂದ ಬಂದವರು, ಡಾಕ್ಟರ್ ಓದುವ ಮಕ್ಕಳು, ಎಲ್ಲರೂ ಎಳನೀರು ಹಿಡಿದು ನಿಲ್ಲುತ್ತಾರೆ. ಅದನ್ನು ನೋಡಿದರೆ ನಿಮ್ಮ ಅಮ್ಮನಿಗೆ ಸಮಾಧಾನ ಆಗಬಹುದು. ಬೇಕಿದ್ದರೆ ಕರೆದುಕೊಂಡು ಬನ್ನಿ, ನಾನು ತೋರಿಸುತ್ತೇನೆ.

ನೀರಿನ ವಿಷಯದಲ್ಲಿ ಸಣ್ಣ ಮಾತು. ನಮ್ಮಲ್ಲಿ ಬಾವಿ ಮುಚ್ಚಿಬಿಟ್ಟಿದ್ದರು. 2023ರ ಮೇ ತಿಂಗಳಲ್ಲಿ ದಿನ ಬಿಟ್ಟು ದಿನ ನೀರು ಬಂದಾಗ ಟ್ಯಾಂಕರ್ ತರಿಸಿ ತರಿಸಿ ಸಾಕಾಯಿತು. ಬಾವಿ ಇದ್ದಿದ್ದರೆ ಅಂತ ಪ್ರತಿ ಮೀಟಿಂಗಿನಲ್ಲೂ ಮಾತು ಬರುತ್ತದೆ. ಬಾವಿ ಉಳಿಸಿದರೆ ಕೊಳ್ಳುವವರಿಗೂ ಅದು ಬೆಲೆಯೇ ಅಂತ ಬಿಲ್ಡರ್‌ಗೆ ಹೇಳಿ.

---

ಓಣಿಮನೆ

ಮೂವರಿಗೂ ತುಂಬಾ ಧನ್ಯವಾದ. ಅಕ್ಕಾ, ನೀವು ಬರೆದದ್ದನ್ನು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಬಾಲ್ಕನಿಯ ಮಾತು ಬಂದಾಗ ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ವಾರಾಂತ್ಯಕ್ಕೆ ಊರಿಗೆ ಹೋಗಿ ಬಂದೆ. ಪಕ್ಕದವರ ಹತ್ತಿರ ಕೂತು ಮಾತಾಡಿದೆವು. ಅವರಿಗೆ ಶೇ. 45 ಅಂತ ಗೊತ್ತಾಯಿತು. ರಸ್ತೆಗೆ ಮುಖ ಇರುವುದರಿಂದ ಅಷ್ಟು ಅಂತ ಬಿಲ್ಡರ್ ಹೇಳಿದ್ದರಂತೆ. ಅವರ ಮನೆಯಲ್ಲೂ ಮಣ್ಣು ಪರೀಕ್ಷೆ ಬಗ್ಗೆ ಯಾರೂ ಕೇಳಿರಲಿಲ್ಲ. ಈಗ ಇಬ್ಬರೂ ಸೇರಿ ಒಬ್ಬರೇ ವಕೀಲರನ್ನು ಹಿಡಿದಿದ್ದೇವೆ. ಅವರು ಮೊದಲು ಕೇಳಿದ್ದು, ಜಾಗ ಮೂಲಗೇಣಿಯಾ, ಅಂದರೆ ಮೂಲ ಒಡೆಯರಿಂದ ಶಾಶ್ವತ ಗೇಣಿಗೆ ಪಡೆದದ್ದಾ ಅಂತ. ನಮ್ಮದು ಅಲ್ಲ, ಅಜ್ಜನ ಕ್ರಯಪತ್ರ ಇದೆ. ಅಪ್ಪ ತೀರಿಕೊಂಡ ಮೇಲೆ ಖಾತೆ ಅಮ್ಮನ ಹೆಸರಿಗೆ ಬಂದರೂ ನನಗೂ ಅಕ್ಕನಿಗೂ ಪಾಲು ಇದೆ, ಹಾಗಾಗಿ ಮೂವರ ಸಹಿಯೂ ಬೇಕಂತೆ. ಅಕ್ಕ ಮಸ್ಕತ್‌ನ ಭಾರತೀಯ ರಾಯಭಾರ ಕಚೇರಿಯಲ್ಲಿ ಪವರ್ ಆಫ್ ಅಟಾರ್ನಿ ಮಾಡಿಸಿ ಕಳಿಸಬೇಕು, ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟಾಂಪ್ ಡ್ಯೂಟಿ ಕಟ್ಟಬೇಕು.

ತೆರಿಗೆಯ ಬಗ್ಗೆ ಸಿಎ ಹೇಳಿದ್ದು ಇಲ್ಲಿ ಬೇರೆಯವರಿಗೂ ಉಪಯೋಗ ಆಗಬಹುದು. ನಮ್ಮಂಥ ವ್ಯಕ್ತಿಗಳು ನೋಂದಾಯಿತ ಒಪ್ಪಂದ ಮಾಡಿಕೊಂಡರೆ, 2017ರಲ್ಲಿ ಬಂದ ನಿಯಮದ ಪ್ರಕಾರ ಕ್ಯಾಪಿಟಲ್ ಗೇನ್ಸ್ (ಆಸ್ತಿ ಕೊಟ್ಟದ್ದರಿಂದ ಬಂದ ಲಾಭ) ತೆರಿಗೆ ಲೆಕ್ಕಕ್ಕೆ ಬರುವುದು ಕಟ್ಟಡಕ್ಕೆ ಪೂರ್ಣಗೊಂಡ ಸರ್ಟಿಫಿಕೇಟ್ ಸಿಕ್ಕ ವರ್ಷದಲ್ಲಿ. ಸಹಿ ಹಾಕಿದ ವರ್ಷದಲ್ಲಿ ಅಲ್ಲ. ಆದರೆ ಅದಕ್ಕೆ ಮುಂಚೆ ನಮ್ಮ ಪಾಲು ಮಾರಿದರೆ ಈ ಅನುಕೂಲ ಹೋಗುತ್ತದೆ.

ಅಮ್ಮನನ್ನು ಕದ್ರಿಗೆ ಕರೆದುಕೊಂಡು ಹೋಗಿದ್ದೆ. ಒಂಬತ್ತನೇ ಮಹಡಿಯವರು ಕೆಳಗೇ ಕಾಯುತ್ತಿದ್ದರು. ಅಮ್ಮ ನಾಗನಕಟ್ಟೆಗೆ ಕೈ ಮುಗಿದು, ಸುತ್ತ ಎಷ್ಟು ಜಾಗ ಬಿಟ್ಟಿದ್ದಾರೆ ಅಂತ ಹೆಜ್ಜೆಯಲ್ಲಿ ಅಳೆದರು. ಏಳು ಹೆಜ್ಜೆ. ಆಮೇಲೆ ಮುಚ್ಚಿದ ಬಾವಿ ಎಲ್ಲಿತ್ತು ಅಂತ ಕೇಳಿದರು. ವಾಚ್‌ಮನ್ ಒಂದು ಕಾರಿನ ಅಡಿ ತೋರಿಸಿದ.

ಮನೆಗೆ ಬಂದು ಅವರೇ ಕಾಗದ ತೆಗೆದುಕೊಂಡು ಬರೆಸಿದರು. ನಾಗನ ಸುತ್ತ ಏಳು ಹೆಜ್ಜೆ. ಬೇಸ್‌ಮೆಂಟ್ ಒಂದೇ. ಬಾವಿಗೆ ಕಟ್ಟೆ, ಮೇಲೆ ಬಲೆ, ರಾಟೆ ಹಾಗೇ ಇರಬೇಕು. ಪಕ್ಕದವರಷ್ಟೇ ಪಾಲು. ಕೀ ಕೊಡುವವರೆಗೆ ಬಾಡಿಗೆ. ಫ್ಲಾಟ್ ಒಂದನೇ ಮಹಡಿಯಲ್ಲಿ, ಬಾವಿ ಕಾಣುವ ಕಡೆ.

ಬಿಲ್ಡರ್ ಮೊದಲನೆಯದಕ್ಕೂ ಕೊನೆಯದಕ್ಕೂ ತಕ್ಷಣ ಹೂಂ ಅಂದಿದ್ದಾರೆ. ಬೇಸ್‌ಮೆಂಟ್‌ಗೆ ಆರ್ಕಿಟೆಕ್ಟ್ ಹತ್ತಿರ ಕೇಳುತ್ತೇನೆ ಅಂದಿದ್ದಾರೆ. ಪಾಲಿನ ಬಗ್ಗೆ ಇನ್ನೂ ಉತ್ತರ ಇಲ್ಲ. ಸರ್, ಒಂದೇ ಬೇಸ್‌ಮೆಂಟ್ ಆದರೆ ಪಾರ್ಕಿಂಗ್ ಸಾಲುವುದಿಲ್ಲ, ಎರಡು ಮಹಡಿ ಕಮ್ಮಿ ಮಾಡಬೇಕಾಗುತ್ತದೆ ಅಂತ ಅವರ ವಾದ. ಇದು ನಿಜವಾ?

---

ಸೈಟ್ ಇಂಜಿನಿಯರ್, ನಿವೃತ್ತ

ಅರ್ಧ ನಿಜ. ಪಾರ್ಕಿಂಗ್ ಎಷ್ಟು ಬೇಕು ಅನ್ನುವುದು ಫ್ಲಾಟ್‌ಗಳ ಸಂಖ್ಯೆ ಮತ್ತು ಅಳತೆಯ ಮೇಲೆ ಹೋಗುತ್ತದೆ. ನೆಲದ ಮಟ್ಟವನ್ನು ಪೂರ್ತಿ ಸ್ಟಿಲ್ಟ್ (ಬರೀ ಕಂಬಗಳ ಮೇಲೆ ನಿಂತ ತೆರೆದ ಜಾಗ) ಬಿಟ್ಟರೆ ಅಲ್ಲೇ ಒಂದಷ್ಟು ಕಾರು ನಿಲ್ಲುತ್ತವೆ. ಅಂಗಡಿ ಹಾಕಲು ಅಂತ ಅವರು ನೆಲಮಹಡಿ ಇಟ್ಟುಕೊಂಡಿದ್ದಾರಾ ನೋಡಿ. ಆ ಡ್ರಾಯಿಂಗ್‌ನ ನೆಲಮಹಡಿಯ ಹಾಳೆ ಇಲ್ಲಿ ಹಾಕಿ, ನಾನು ಲೆಕ್ಕ ಮಾಡಿ ಹೇಳುತ್ತೇನೆ. ಮಣ್ಣಿನ ವರದಿ ಬರುವ ತನಕ ಯಾವುದಕ್ಕೂ ಸಹಿ ಬೇಡ.